ಕಟಪಾಡಿಯ ವಿಳಾಸಕ್ಕೆ ಬಂದ ಸೈಕಲ್ ಪಾರ್ಸೆಲ್‌ಗಳು: ಅಗ್ಗದ ನಾಲ್ಕು ದಾರಿಗಳ ಹೋಲಿಕೆ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಹೊರಟು ಕಾಪು, ಪಡುಬಿದ್ರಿ ದಾಟಿ ಮೂಲ್ಕಿ ಮುಟ್ಟಿ ಮರಳುವ ಸುಮಾರು 50 ಕಿಲೋಮೀಟರಿನ ಸವಾರಿಯನ್ನು ವಾರಕ್ಕೆ ಮೂರು ಬಾರಿ ಮಾಡುವ ನನಗೆ, ಸೈಕಲಿಗೆ ಕೊಟ್ಟ ಹಣಕ್ಕಿಂತ ಅದರ ಸುತ್ತಲಿನ ಬಟ್ಟೆಬರೆ ಮತ್ತು ಬಿಡಿ ಸಾಮಾನುಗಳಿಗೆ ಕೊಟ್ಟ ಹಣವೇ ಹೆಚ್ಚಾಗುತ್ತಿದೆ ಎಂಬುದು ಹಳೆಯ ಬಿಲ್ಲುಗಳನ್ನು ಒಂದು ದಿನ ಕೂಡಿಸಿ ನೋಡಿದಾಗ ತಿಳಿಯಿತು. ಆ ಮೇಲೆ ಎರಡು ಮಳೆಗಾಲಗಳ ಕಾಲ ನಾನು ಆನ್‌ಲೈನಿನಲ್ಲಿ ತರಿಸಿದ ಪ್ರತಿಯೊಂದು ವಸ್ತುವಿನ ಬೆಲೆ, ಸಾಗಣೆ ವೆಚ್ಚ, ತಲುಪಲು ಹಿಡಿದ ದಿನ, ಎಷ್ಟು ಸವಾರಿ ಬಾಳಿತು ಎಂಬ ಲೆಕ್ಕ ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಎಲ್ಲವನ್ನೂ ಮಾರುವ ದೊಡ್ಡ ಬಜಾರು ತಾಣಗಳು, ತಾವೇ ತಯಾರಿಸಿ ತಾವೇ ಮಾರುವ ಕಂಪನಿಗಳ ತಾಣಗಳು, ಸೈಕಲಿಗೆ ಮಾತ್ರ ಮೀಸಲಾದ ಬೆಂಗಳೂರು ಕಡೆಯ ಅಂಗಡಿಗಳ ತಾಣಗಳು, ಹೊರದೇಶದ ತಾಣಗಳು, ಈ ನಾಲ್ಕು ದಾರಿಗಳನ್ನು ಆ ಪುಸ್ತಕದ ಆಧಾರದ ಮೇಲೆ ಇಲ್ಲಿ ಹೋಲಿಸಿದ್ದೇನೆ.

ಮೊದಲಿಗೆ, ಕುಳಿತುಕೊಳ್ಳುವ ಜಾಗದಲ್ಲಿ ಪ್ಯಾಡ್ ಇರುವ ಸೈಕಲ್ ಶಾರ್ಟ್ಸ್ ವಿಷಯವನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ದಾರಿಗಳ ನಡುವಿನ ವ್ಯತ್ಯಾಸ ಬೇರೆ ಯಾವ ವಸ್ತುವಿನಲ್ಲೂ ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ. ಬಜಾರು ತಾಣವೊಂದರಲ್ಲಿ 2,499 ರೂಪಾಯಿ ಎಂಬ ಅಂಕಿಗೆ ಗೆರೆ ಎಳೆದು ಪಕ್ಕದಲ್ಲಿ 649 ಎಂದು ಬರೆದಿದ್ದ ಶಾರ್ಟ್ಸ್ ಒಂದನ್ನು, ಮುಕ್ಕಾಲು ಪಾಲು ರಿಯಾಯಿತಿ ಸಿಕ್ಕಿತೆಂಬ ಸಂತೋಷದಲ್ಲಿ ತರಿಸಿದೆ. ಆಮೇಲೆ, ವಸ್ತುವಿನ ಹಳೆಯ ಬೆಲೆಗಳನ್ನು ಗೆರೆಚಿತ್ರದಲ್ಲಿ ತೋರಿಸುವ ಕೀಪಾದಂಥ ಸಾಧನದಲ್ಲಿ ನೋಡಿದಾಗ, ಹಿಂದಿನ ಆರು ತಿಂಗಳಲ್ಲಿ ಅದು ಒಮ್ಮೆಯೂ 720 ರೂಪಾಯಿಗಿಂತ ಮೇಲೆ ಹೋಗಿರಲಿಲ್ಲ. ಎಂಆರ್‌ಪಿ ಎಂಬುದು ಅದಕ್ಕಿಂತ ಹೆಚ್ಚಿಗೆ ಮಾರಕೂಡದ ಮಿತಿಯೇ ಹೊರತು ನಿಜವಾಗಿ ಮಾರಾಟವಾಗುವ ಬೆಲೆಯಲ್ಲ. ತಯಾರಕ ಅದನ್ನು ಎಷ್ಟು ಮೇಲಕ್ಕೆ ಬೇಕಾದರೂ ಇಟ್ಟುಕೊಳ್ಳಬಹುದು. ಶಾರ್ಟ್ಸಿನ ಪ್ಯಾಡ್ ಒಂದೇ ದಪ್ಪದ ಸ್ಪಂಜಿನ ತುಂಡಾಗಿತ್ತು, ಒಂಬತ್ತನೆಯ ಸವಾರಿಯ ಹೊತ್ತಿಗೆ ಹಪ್ಪಳದಂತೆ ಚಪ್ಪಟೆಯಾಯಿತು. ಸವಾರಿಯೊಂದಕ್ಕೆ 72 ರೂಪಾಯಿ ಬಿತ್ತು.

ಇದರ ಎದುರಿಗೆ, ಸ್ವಂತ ತಯಾರಿಕೆಯ ಬಟ್ಟೆಯನ್ನು ಸ್ವಂತ ತಾಣದಲ್ಲಿ ಮಾರುವ ಕಂಪನಿಯೊಂದರಿಂದ 1,999 ರೂಪಾಯಿಗೆ ತರಿಸಿದ ಬಿಬ್ ಶಾರ್ಟ್ಸ್, ಅಂದರೆ ಭುಜಕ್ಕೆ ಪಟ್ಟಿ ಇರುವ ಶಾರ್ಟ್ಸ್, ಇದೆ. ಕುಳಿತುಕೊಳ್ಳುವ ಎಲುಬುಗಳ ಕೆಳಗೆ ಗಟ್ಟಿಯಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುವಂತೆ ಬೇರೆ ಬೇರೆ ಸಾಂದ್ರತೆಯ ಫೋಮಿನಿಂದ ಅದರ ಪ್ಯಾಡ್ ಮಾಡಿದ್ದಾರೆ. ಅದು 110 ಸವಾರಿ ಮುಗಿಸಿಯೂ ಬಳಕೆಯಲ್ಲಿದೆ. ಇಂದಿಗೆ ನಿಲ್ಲಿಸಿದರೂ ಸವಾರಿಯೊಂದಕ್ಕೆ 18 ರೂಪಾಯಿ. ಈ ಬಗೆಯ ತಾಣಗಳಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಪರಿಚಯ ಇರುವುದು ಟ್ರೈಬನ್, ವ್ಯಾನ್ ರೈಸೆಲ್, ರಾಕ್‌ರೈಡರ್ ಹೆಸರುಗಳಲ್ಲಿ ಸೈಕಲ್ ಸಾಮಾನು ಮಾಡುವ ಫ್ರಾನ್ಸ್ ಮೂಲದ ಡೆಕಾಥ್ಲಾನ್. ಭಾರತದಲ್ಲೇ ಸೈಕಲ್ ಬಟ್ಟೆ ಹೊಲಿದು ನೇರವಾಗಿ ಮಾರುವ ಚಿಕ್ಕ ಕಂಪನಿಗಳೂ ಈಗ ಇವೆ. ಇಲ್ಲಿ ರಿಯಾಯಿತಿ ಪ್ರತಿದಿನ ಕಾಣುವುದಿಲ್ಲ. ಹೊಸ ಮಾದರಿ ಬಂದಾಗ ಹಳೆಯದನ್ನು ಖಾಲಿ ಮಾಡುವ ದಿನಗಳಲ್ಲಿ ಮಾತ್ರ ಬೆಲೆ ಇಳಿಯುತ್ತದೆ, ಆಗ ಉಳಿದಿರುವುದು ಬಹುತೇಕ ಅತಿ ಚಿಕ್ಕ ಇಲ್ಲವೇ ಅತಿ ದೊಡ್ಡ ಅಳತೆಗಳು. ಮಧ್ಯಮ ಅಳತೆಯ ಮೈಯವನಾದ ನನಗೆ ಇದರಿಂದ ಆದ ಲಾಭ ಅಷ್ಟಕ್ಕಷ್ಟೆ. ಆರಡಿ ಮೂರಂಗುಲ ಎತ್ತರದ ಗೆಳೆಯನೊಬ್ಬ ಮಾತ್ರ ಪ್ರತಿ ಸಲವೂ ಅರ್ಧ ಬೆಲೆಗೆ ಜರ್ಸಿ ತರಿಸಿಕೊಳ್ಳುತ್ತಾನೆ.

ಬಟ್ಟೆಯ ಬೆಲೆಗೆ ಸಂಬಂಧಿಸಿ ತೆರಿಗೆಯ ಒಂದು ವಿಚಾರವನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ, ಒಂದಕ್ಕೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇಕಡಾ 5, ಅದನ್ನು ಮೀರಿದರೆ ಶೇಕಡಾ 18. ಹಿಂದೆ ಈ ಗಡಿ 1,000 ರೂಪಾಯಿಯಲ್ಲಿತ್ತು, ದರಗಳು 5 ಮತ್ತು 12 ಆಗಿದ್ದವು. ಗಡಿಯ ಆಸುಪಾಸಿನಲ್ಲಿರುವ ಬಿಬ್ ಶಾರ್ಟ್ಸಿಗೆ ಒಂದು ಕೂಪನ್ ಸಿಕ್ಕಿ ಮಾರಾಟ ಬೆಲೆ ಗೆರೆಯಿಂದ ಕೆಳಗೆ ಬಂದರೆ, ಇಳಿಯುವುದು ಕೂಪನಿನ ಮೊತ್ತವಷ್ಟೇ ಅಲ್ಲ, ತೆರಿಗೆಯ ದರವೂ ಜೊತೆಗೆ ಶೇಕಡಾ 18ರಿಂದ 5ಕ್ಕೆ ಇಳಿಯಬೇಕು. ಹಾಗೆ ಇಳಿದಿದೆಯೇ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಬರೆದ ಸಲಹೆಗಳಲ್ಲಿ ಕಾಣಸಿಗದ, ನಮ್ಮ ಕರಾವಳಿಯವರಿಗೆ ಮಾತ್ರ ಅರ್ಥವಾಗುವ ಇನ್ನೊಂದು ಲೆಕ್ಕವಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಗೆದ ಒಂದು ದಪ್ಪ ಪ್ಯಾಡ್ ಒಣಗಲು ಫ್ಯಾನಿನ ಕೆಳಗಿಟ್ಟರೂ ಎರಡು ದಿನ ಬೇಕು. ಅರೆ ಒಣಗಿದ್ದನ್ನು ಹಾಕಿಕೊಂಡು ಹೊರಟರೆ ತೊಡೆಯ ಸಂದಿಯಲ್ಲಿ ಹುಣ್ಣು, ಮಡಚಿಟ್ಟರೆ ಬೂಸಲು. ಆದ್ದರಿಂದ ಆರು ಸಾವಿರದ ಒಂದೇ ಶಾರ್ಟ್ಸ್ ಕೊಳ್ಳುವುದು ನಮಗೆ ಉಳಿತಾಯವಲ್ಲ. ಎರಡು ಸಾವಿರದ ಆಸುಪಾಸಿನ ಮೂರನ್ನು ಸರದಿಯಲ್ಲಿ ಬಳಸುವುದೇ ಸರಿ. ಇದೇ ಕಾರಣಕ್ಕೆ ಬಿಳಿ ಜರ್ಸಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಕೊಳ್ಳುವುದಿಲ್ಲ.

ಮಳೆ ಜಾಕೆಟಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದುಬಾರಿಯದು, ಅದು ಹೊರದೇಶದ ದಾರಿಯಲ್ಲಿ ಆದದ್ದು. ಒಂದು ಕಾಲದಲ್ಲಿ ಬ್ರಿಟನ್ನಿನ ವಿಗಲ್ ಮತ್ತು ಚೈನ್ ರಿಯಾಕ್ಷನ್ ಸೈಕಲ್ಸ್ ತಾಣಗಳಿಂದ ಭಾರತದ ಸವಾರರು ಸಾಮಾನು ತರಿಸಿಕೊಳ್ಳುತ್ತಿದ್ದರು. 2016ರಲ್ಲಿ ಒಂದಾದ ಆ ಎರಡೂ 2023ರ ಅಕ್ಟೋಬರಿನಲ್ಲಿ ದಿವಾಳಿಯ ಪ್ರಕ್ರಿಯೆಗೆ ಸಿಲುಕಿದವು. ಉಡುಗೊರೆಯೆಂದು ಬರೆದು ಕಳುಹಿಸುವ ಹಳೆಯ ಉಪಾಯಕ್ಕೂ 2019ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಆ ಆದೇಶದ ನಂತರ ಅಂಚೆ, ಕೊರಿಯರ್ ಮೂಲಕ ಸುಂಕವಿಲ್ಲದೆ ಉಡುಗೊರೆಯಾಗಿ ಬರಲು ಅವಕಾಶ ಉಳಿದದ್ದು ಜೀವರಕ್ಷಕ ಔಷಧಿಗಳಿಗೆ ಮತ್ತು ರಾಖಿಗೆ ಮಾತ್ರ. ಇಷ್ಟೆಲ್ಲ ತಿಳಿದೂ, ಬೇರೊಂದು ತಾಣದಲ್ಲಿ ನಮ್ಮ ಹಣದ ಲೆಕ್ಕದಲ್ಲಿ 3,900 ರೂಪಾಯಿಗೆ ಕಂಡ ಒಳ್ಳೆಯ ಹೆಸರಿನ ಜಾಕೆಟನ್ನು ನಾನು ತರಿಸಿದೆ. ಸಾಗಣೆ 1,100. ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆಯನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಅದರ ಮೇಲೆ ತೆರಿಗೆ, ಅದರ ಮೇಲೆ ಕೊರಿಯರಿನವರ ಶುಲ್ಕ, ಎಲ್ಲ ಸೇರಿ ಇನ್ನೂ 2,050. ಒಟ್ಟು 7,050 ರೂಪಾಯಿಯ ಆ ಜಾಕೆಟು ನನ್ನ ಕೈಸೇರಿದ್ದು 26ನೆಯ ದಿನ. ಅದೇ ಮಾದರಿಯನ್ನು ಬೆಂಗಳೂರಿನ ಅಂಗಡಿಯೊಂದು ಮೂರು ತಿಂಗಳ ನಂತರ 5,200ಕ್ಕೆ ಮಾರಾಟಕ್ಕಿಟ್ಟಿತು.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ನೀರನ್ನು ಒಳಗೆ ಬಿಡದೆ ಬೆವರಿನ ಆವಿಯನ್ನು ಹೊರಗೆ ಬಿಡುವ ತೆಳುಪದರವೊಂದು ಆ ಜಾಕೆಟಿನಲ್ಲಿತ್ತು, ಅದು ಕೆಲಸ ಮಾಡುವುದು ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಸಾಕಷ್ಟು ಹೆಚ್ಚಿರುವಾಗ ಮಾತ್ರ. ಯುರೋಪಿನ ಹತ್ತು ಡಿಗ್ರಿಯ ತಣ್ಣನೆಯ ಮಳೆಯಲ್ಲಿ ಅದು ಸರಿ. ಜುಲೈ ತಿಂಗಳ ಪಡುಬಿದ್ರಿಯಲ್ಲಿ ಮಳೆಯೇ ಬೆಚ್ಚಗಿರುತ್ತದೆ, ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಬೆವರು ಹೋಗುವುದಾದರೂ ಎಲ್ಲಿಗೆ? ಅರ್ಧ ಗಂಟೆಯಲ್ಲಿ ಹೊರಗಿನ ಮಳೆಗೆ ನೆನೆಯದೆ ಒಳಗಿನ ಬೆವರಿಗೆ ನೆನೆದಿದ್ದೆ. ಬೆನ್ನಿನಲ್ಲಿ ಗಾಳಿಕಿಂಡಿ ಇರುವ 900 ರೂಪಾಯಿಯ ತೆಳ್ಳನೆಯ ಗಾಳಿತಡೆ ಅಂಗಿ ನಮಗೆ ಸಾಕು; ಅದೂ ಆಗುಂಬೆಯಂಥ ಘಾಟಿ ಇಳಿಯುವಾಗ ಚಳಿಗೆಂದು.

ಬಿಡಿ ಸಾಮಾನುಗಳಿಗೆ ಬಂದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬರಹದಲ್ಲಿರುವ ಅಳತೆಯನ್ನು ನಂಬಬಹುದಾದ ವಸ್ತುಗಳಿಗೆ ಬಜಾರು ತಾಣವೇ ಅಗ್ಗ: ಹೆಸರಿರುವ ಕಂಪನಿಯ ಟ್ಯೂಬು, ಚೈನಿಗೆ ಹಾಕುವ ಎಣ್ಣೆ, ನೀರಿನ ಬಾಟಲಿ, ಪಂಕ್ಚರ್ ಕಿಟ್ಟು. ಆದರೆ ಮಾರುವವರು ಯಾರು, ತಯಾರಾದ ದೇಶ ಯಾವುದು ಎಂಬುದನ್ನು ಓದಿಯೇ ಕೊಳ್ಳಬೇಕು. ತಯಾರಿಕೆಯ ದೇಶವನ್ನು ತಾಣದಲ್ಲೇ ತೋರಿಸಬೇಕೆಂಬ ನಿಯಮ 2020ರಿಂದ ಇದೆ. ಬರಹವನ್ನು ನಂಬಲಾಗದ ವಸ್ತುಗಳಲ್ಲಿ ದೀಪಕ್ಕೆ ಮೊದಲ ಸ್ಥಾನ. 2,000 ಲುಮೆನ್ ಬೆಳಕು 6 ಗಂಟೆ ಉರಿಯುತ್ತದೆ ಎಂದು ಬರೆದಿದ್ದ 799 ರೂಪಾಯಿಯ ದೀಪದ ಬ್ಯಾಟರಿ 2,000 ಮಿಲಿಆಂಪ್ ಅವರ್‌ನದು. ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ ಸಿಗುವುದು 7.4 ವಾಟ್ ಅವರ್. ಎಲ್‌ಇಡಿ ಒಂದು ವಾಟಿಗೆ ನೂರರಿಂದ ನೂರಿಪ್ಪತ್ತು ಲುಮೆನ್ ಕೊಡುತ್ತದೆ ಎಂದು ಹಿಡಿದರೂ, 800 ಲುಮೆನ್ ಬೆಳಕು ಒಂದು ಗಂಟೆ ಉರಿಯುವಷ್ಟು ಶಕ್ತಿ ಮಾತ್ರ ಅದರಲ್ಲಿದೆ, ಅಂದರೆ ಹೇಳಿಕೊಂಡದ್ದರ ಹದಿನೈದರಲ್ಲಿ ಒಂದು ಪಾಲು. ಈ ಗುಣಾಕಾರಕ್ಕೆ ಎರಡು ನಿಮಿಷ ಸಾಕು. ನಾನು ಮಾಡಿದ್ದು ದೀಪ ಕೊಂಡ ನಂತರ.

ಹಿಂಬದಿಯ ಕೆಂಪು ದೀಪದ ಕಥೆ ಚಿಕ್ಕದು. ಅದರ ಮೇಲಿದ್ದ ಐಪಿಎಕ್ಸ್4 ಎಂಬ ನೀರುತಡೆಯ ದರ್ಜೆಗೆ, ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಿಂತ ನೀರನ್ನು ಲಾರಿಯೊಂದು ಎರಚಿದಾಗ ಆ ದೀಪ ಕಣ್ಣುಮುಚ್ಚಿತು. ಜೋರಾದ ನೀರಿನ ಧಾರೆಯನ್ನೂ ತಡೆಯುವ ಐಪಿಎಕ್ಸ್6ರ ದೀಪಕ್ಕೆ ಸೈಕಲ್ ಅಂಗಡಿಯ ತಾಣದಲ್ಲಿ 1,150 ಕೊಟ್ಟೆ, ಅದು ಎರಡು ಮಳೆಗಾಲ ಕಂಡಿದೆ.

ಹೀಗೆ ಸೈಕಲಿಗೆ ಮಾತ್ರ ಮೀಸಲಾದ ತಾಣಗಳ ಬೆಲೆ ಬಜಾರು ತಾಣಕ್ಕಿಂತ ಹತ್ತಿಪ್ಪತ್ತು ರೂಪಾಯಿ ಮೇಲೆಯೇ ಇರುತ್ತದೆ, ಸಾಗಣೆ ಉಚಿತವಾಗಬೇಕಾದರೆ ಒಂದು ಕನಿಷ್ಠ ಮೊತ್ತದ ಸಾಮಾನು ತರಿಸಬೇಕಾಗುತ್ತದೆ. ಆದರೂ ನನ್ನ ಪುಸ್ತಕದಲ್ಲಿ ಮರಳಿ ಕಳುಹಿಸಿದ ಸಾಮಾನು ಒಂದೂ ಇಲ್ಲದ ದಾರಿ ಇದೊಂದೇ. ಟ್ಯೂಬು ತರಿಸಿದಾಗ ಅಂಗಡಿಯವರೇ ಫೋನು ಮಾಡಿ, ರಿಮ್ಮಿನ ತೂತು ತೆಳ್ಳನೆಯ ಪ್ರೆಸ್ಟಾ ವಾಲ್ವಿನದೋ ಮೋಟರ್ ಬೈಕಿನಂಥ ಶ್ರೇಡರ್ ವಾಲ್ವಿನದೋ, ರಿಮ್ಮು ಎಷ್ಟು ಆಳವಿದೆ ಎಂದು ಕೇಳಿ, ನಾನು ಆರಿಸಿದ್ದ ಗಿಡ್ಡ ವಾಲ್ವಿನ ಬದಲು 60 ಮಿಲಿಮೀಟರಿನದನ್ನು ಕಳುಹಿಸಿದರು. ಸಾಗಣೆಯ ಮೊತ್ತಕ್ಕೆ ನಮ್ಮ ಗುಂಪು ಕಂಡುಕೊಂಡ ದಾರಿಯೆಂದರೆ ನಾಲ್ವರು ಸೇರಿ ತಿಂಗಳಿಗೊಮ್ಮೆ ಒಂದೇ ಆರ್ಡರ್ ಕೊಡುವುದು.

ಬಜಾರು ತಾಣದಿಂದ 180 ರೂಪಾಯಿಗೆ ತರಿಸಿದ, ಫ್ರೇಮಿನಲ್ಲಿ ನೀರಿನ ಬಾಟಲಿ ಹಿಡಿದಿಡುವ ಬಾಟಲ್ ಕೇಜಿನ ಬೋಲ್ಟುಗಳು ಹದಿನೈದೇ ದಿನಗಳಲ್ಲಿ ತುಕ್ಕು ಹಿಡಿದು ಫ್ರೇಮಿಗೆ ಅಂಟಿಕೊಂಡಾಗ ಅವನ್ನು ಬಿಡಿಸಿಕೊಟ್ಟ ಉಡುಪಿಯ ರಿಪೇರಿಯವರು, “ಇದು ಸ್ಟೀಲ್ ಅಲ್ಲ ಮಾರಾಯ್ರೆ, ಸ್ಟೀಲಿನ ಬಣ್ಣ ಮಾತ್ರ” ಎಂದರು. ಬಿಡಿಸಿದ್ದಕ್ಕೆ ಕೊಟ್ಟದ್ದು 150. ಸಮುದ್ರದ ಉಪ್ಪು ಗಾಳಿ ಬೀಸುವ ಊರಿನಲ್ಲಿ ಬೋಲ್ಟು, ಚೈನು, ಪೆಡಲುಗಳನ್ನು ಕೊಳ್ಳುವಾಗ ಲೋಹ ಯಾವುದೆಂದು ಬರೆದಿಲ್ಲದಿದ್ದರೆ ಬಿಟ್ಟುಬಿಡುವುದೇ ಕ್ಷೇಮ.

ಮರಳಿ ಕಳುಹಿಸುವ ಖರ್ಚನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಷ್ಯಾದ ಅಳತೆಯ ಎಲ್ ಎಂಬುದು ಯುರೋಪಿನ ಅಳತೆಯ ಎಮ್‌ಗಿಂತಲೂ ಬಿಗಿಯಾಗಿರಬಹುದು ಎಂದು ತಿಳಿಯದೆ ತರಿಸಿದ ಜರ್ಸಿಯನ್ನು ಹಿಂದಿರುಗಿಸಲು ಹೊರಟಾಗ, ನಮ್ಮ ಪಿನ್‌ಕೋಡಿಗೆ ಬಂದು ಒಯ್ಯುವ ವ್ಯವಸ್ಥೆ ಇಲ್ಲವೆಂಬ ಉತ್ತರ ಬಂತು. ಸ್ಪೀಡ್ ಪೋಸ್ಟಿನಲ್ಲಿ ನಾನೇ ಕಳುಹಿಸಿದೆ, ಆ ಖರ್ಚು ಮರಳಲಿಲ್ಲ. ಹಣ ಹಿಂದಿರುಗಿದ್ದೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ನಂತರ. ಈಗ ನನಗೆ ಸರಿಹೊಂದುವ ಒಂದು ಜರ್ಸಿಯನ್ನು ಮೇಜಿನ ಮೇಲೆ ಹರಡಿ ಎದೆ, ಉದ್ದ, ತೋಳುಗಳನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ತಾಣದ ಪಟ್ಟಿಯಲ್ಲಿ ಸೆಂಟಿಮೀಟರ್ ಲೆಕ್ಕ ಇಲ್ಲದಿದ್ದರೆ ಆರ್ಡರ್ ಕೊಡುವುದಿಲ್ಲ.

ನಾಲ್ಕು ದಾರಿಗಳನ್ನು ಹೋಲಿಸಲು ಹೊರಟವನಿಗೆ ಐದನೆಯದೊಂದು ತಾನಾಗಿ ಸಿಕ್ಕಿತು. ಓದು ಮುಗಿಸಿ ಮಣಿಪಾಲ ಬಿಡುವ ವಿದ್ಯಾರ್ಥಿಗಳು ಪಂಪು, ಬೀಗ, ಬ್ಯಾಗುಗಳನ್ನು ಹಳೆ ಸಾಮಾನಿನ ತಾಣಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಮಾರಲು ಇಡುತ್ತಾರೆ. ಒತ್ತಡ ಅಳೆಯುವ ಮುಳ್ಳಿರುವ, ನೆಲಕ್ಕೆ ನಿಲ್ಲಿಸಿ ಒತ್ತುವ ಪಂಪು ನನಗೆ ಅಲ್ಲಿ 700 ರೂಪಾಯಿಗೆ ಸಿಕ್ಕಿತು. ಹೊಸದಕ್ಕೆ 2,200 ಇತ್ತು. ಸಾಗಣೆಯ ಖರ್ಚಿಲ್ಲ, ಕೈಯಲ್ಲಿ ಹಿಡಿದು ನೋಡಿಯೇ ಹಣ ಕೊಡಬಹುದು. ಹೆಲ್ಮೆಟ್ಟನ್ನು ಮಾತ್ರ ಅಲ್ಲಿ ಕೊಳ್ಳಲಿಲ್ಲ. ಒಮ್ಮೆ ಬಿದ್ದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲಿನಂಥ ಪದರ ಅದುಮಿ ಹೋಗಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಯುರೋಪಿನ ಸೈಕಲ್ ಹೆಲ್ಮೆಟ್ ಸುರಕ್ಷತಾ ಮಾನದಂಡವಾದ ಇಎನ್ 1078ರ ಗುರುತಿರುವ ಹೊಸದೊಂದನ್ನು ಕಂಪನಿಯ ಸ್ವಂತ ತಾಣದಿಂದಲೇ ಪೂರ್ತಿ ಬೆಲೆ ಕೊಟ್ಟು ತರಿಸಿದ್ದೇನೆ.