ಬಣ್ಣದ ಬ್ರೇಕ್ ಲಿವರ್ ಹಾಕಿಸೋ ಮುಂಚೆ ಇದನ್ನೊಮ್ಮೆ ಓದಿ

ಹೋದ ತಿಂಗಳು ಬೈಕಿಗೆ ಚೈನ್ ತರೋಕೆ ಅಂತ ಬೆಂಗಳೂರಿನ ಜೆಸಿ ರಸ್ತೆಗೆ ಹೋದವನು, ಅಂಗಡಿಯ ಗಾಜಿನ ಹಿಂದೆ ಕೆಂಪಗೆ ಮಿಂಚುತ್ತಿದ್ದ ಲಿವರ್ ಜೋಡಿಗೆ ಮರುಳಾದೆ. ಮೈತುಂಬ ಜೇನುಗೂಡಿನ ಹಾಗೆ ತೂತು, ಮಡಚೋ ತುದಿ, ಆರು ಹಂತದ ಅಡ್ಜಸ್ಟರ್. 1,300 ರೂಪಾಯಿ. "ಡಿಸೈನ್ ರಿಜಿಸ್ಟರ್ ಆಗಿದೆ ಸರ್" ಅಂದ ಅಂಗಡಿಯವನು. ನಾನೂ ತಲೆಯಾಡಿಸಿ ಹಾಕಿಸಿಕೊಂಡೆ. ಆಮೇಲೆ ಗೊತ್ತಾಯಿತು, 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಣಿ ಆಗೋದು ಬರೀ ಕಣ್ಣಿಗೆ ಕಾಣೋ ರೂಪ, ಬ್ರೇಕ್ ಸರಿಯಾಗಿ ಹಿಡಿದು ಬಿಡುತ್ತಾ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಭಾನುವಾರ ಕನಕಪುರ ರಸ್ತೆ ಹಿಡಿದೆವು. ಹಿಂದೆ ಬರುತ್ತಿದ್ದ ಗೆಳೆಯ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು "ನಿನ್ ಬ್ರೇಕ್ ಲೈಟ್ ಆರ್ತಾನೇ ಇಲ್ವಲ್ಲೋ" ಅಂದ. ಸ್ವಿಚ್ ಏನೋ ಆಗಿರಬೇಕು ಅಂತ ಸುಮ್ನಾದೆ. ದಡ್ಡತನ. ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಗಾಡಿ ಎಳೆಯೋದೇ ಕಷ್ಟವಾಯಿತು, ಲಿವರ್ ಕಲ್ಲಿನ ಹಾಗೆ ಗಟ್ಟಿಯಾಯಿತು, ನಿಲ್ಲಿಸಿ ತಳ್ಳಿದರೆ ಮುಂದಿನ ಚಕ್ರ ಅಲುಗಾಡಲಿಲ್ಲ. ಬಾಟಲಿಯಿಂದ ಒಂದು ಹನಿ ನೀರು ಬ್ರೇಕ್ ಡಿಸ್ಕ್ ಮೇಲೆ ಬಿತ್ತು, ಚುಯ್ ಅಂತು. ಪಂಕ್ಚರ್ ಅಂಗಡಿಯವರು ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿಯೋ ಕ್ಯಾಲಿಪರ್‌ನಲ್ಲಿ ಆಯಿಲ್ ಹೊರಗೆ ಬಿಡೋ ಬ್ಲೀಡ್ ನಿಪ್ಪಲ್ ಚೂರು ಸಡಿಲ ಮಾಡಿದರು. ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು. ಸ್ಪೀಡಲ್ಲಿ ಹೋಗ್ತಿದ್ದಾಗ ಪೂರ್ತಿ ಹಿಡಿದಿದ್ದರೆ?

ತಪ್ಪು ಇದ್ದದ್ದು ಹೊರಗೆ ಕಾಣದ ಜಾಗದಲ್ಲಿ. ಲಿವರ್ ಬುಡದಲ್ಲಿ, ಬ್ರೇಕ್ ಆಯಿಲನ್ನು ಚಕ್ರದ ಕಡೆ ತಳ್ಳೋ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಒತ್ತೋ ಒಂದು ಪುಟ್ಟ ಮೂಗು ಇರುತ್ತೆ. ನನ್ನ ಲಿವರ್‌ನಲ್ಲಿ ಅದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದ. ಕೈ ಬಿಟ್ಟರೂ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಆಯಿಲ್ ಟ್ಯಾಂಕಿಗೆ ವಾಪಸ್ ಹೋಗೋ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತೆ. ಆಯಿಲ್ ಬಿಸಿಯಾಗಿ ಹಿಗ್ಗಿದಾಗ ಹೋಗೋಕೆ ದಾರಿ ಇಲ್ಲ, ಪ್ಯಾಡನ್ನೇ ಒತ್ತುತ್ತೆ. ಇನ್ನೂ ಬಿಸಿ, ಇನ್ನೂ ಒತ್ತಡ.

ಆದ್ದರಿಂದ ಬೈಕ್ ಕಂಪನಿಯದ್ದಲ್ಲದ ಹೊರಗಿನ ಲಿವರ್ ಹಾಕಿಸಲೇಬೇಕು ಅಂದ್ರೆ ಅಂಗಡಿ ಮುಂದೆಯೇ ಒಂದು ಬೆರಳಲ್ಲಿ ಲಿವರ್ ಅಲುಗಿಸಿ ನೋಡಿ, ಪಿಸ್ಟನ್ ಮುಟ್ಟೋ ಮುಂಚೆ ಚೂರು ಸಡಿಲ ಇರಲೇಬೇಕು. ಕೈ ಬಿಟ್ಟ ತಕ್ಷಣ ಬ್ರೇಕ್ ಲೈಟ್ ಆರಬೇಕು. ಮುಂದಿನ ಚಕ್ರ ಎತ್ತಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ತುದಿ ಚೂಪಾಗಿದ್ದರೆ ಬೇಡವೇ ಬೇಡ, ಬಿದ್ದಾಗ ಮೈಗೆ ಚುಚ್ಚುತ್ತೆ. ರೋಡ್ ರೇಸ್ ಬೈಕುಗಳಿಗೇ ಎಫ್‌ಐಎಂ (ಅಂತರರಾಷ್ಟ್ರೀಯ ಬೈಕ್ ರೇಸ್ ಸಂಸ್ಥೆ) ನಿಯಮದಲ್ಲಿ ಲಿವರ್ ತುದಿಯ ಗುಂಡಿನ ವ್ಯಾಸ ಕನಿಷ್ಠ 16 ಮಿ.ಮೀ. ಇರಬೇಕು, ನಮ್ಮದು ಯಾವ ಲೆಕ್ಕ?

ದುಡ್ಡು ಕೇಳೋಕೆ ಹೋದೆ. "ಫಿಟ್ ಮಾಡಿದ ಮಾಲು ವಾಪಸ್ ಇಲ್ಲ ಸರ್, ಬೇಕಾದ್ರೆ ನೀಲಿ ಕಲರ್ ಕೊಡ್ತೀನಿ" ಅಂದ.