ಹದಿಮೂರು ವರ್ಷ ಓದಿದವಳನ್ನು ಹನ್ನೊಂದಕ್ಕೆ ಇಳಿಸಿದ ಕೋಷ್ಟಕ: ಪ್ರಮಾಣಪತ್ರ ಹೋಲಿಕೆಯ ಸೇವೆಯೊಂದರ ಜೊತೆ ಒಂದು ವರ್ಷ

ವಿಶ್ವವಿದ್ಯಾಲಯವೊಂದರ ಪ್ರವೇಶ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ನನ್ನದು ಒಂದೇ ಕೆಲಸ. ಬೇರೆ ಬೇರೆ ದೇಶಗಳಲ್ಲಿ ಓದಿದವರ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ನೋಡಿ, ಈ ಅರ್ಜಿದಾರರು ಯಾವ ಹಂತಕ್ಕೆ ಅರ್ಹರು ಎಂದು ಟಿಪ್ಪಣಿ ಬರೆಯುತ್ತೇನೆ. ನನ್ನ ಟಿಪ್ಪಣಿ ನಾಲ್ಕು ಸಾಲಿನದು. ಆದರೆ ಆ ನಾಲ್ಕು ಸಾಲಿನ ಮೇಲೆ ಯಾರದೋ ಒಂದು ವರ್ಷ ಉಳಿಯುತ್ತದೆ ಅಥವಾ ಹೋಗುತ್ತದೆ. ಹಾಗಾಗಿ ಕಳೆದ ವರ್ಷ ನಮ್ಮ ವಿಭಾಗ ಒಂದು ಆನ್‌ಲೈನ್ ಸೇವೆಗೆ ಚಂದಾ ಕಟ್ಟಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ದೇಶ, ಪ್ರಮಾಣಪತ್ರದ ಹೆಸರು, ಉತ್ತೀರ್ಣರಾದ ವರ್ಷ ಇಷ್ಟನ್ನು ಕೊಟ್ಟರೆ ಅದು ಯಾವ ಹಂತದ್ದು, ಎಷ್ಟು ವರ್ಷದ ಓದು, ಯಾವುದಕ್ಕೆ ತತ್ಸಮಾನ ಎಂದು ಅದು ತೋರಿಸುತ್ತದೆ. ಸೇವೆಯ ಹೆಸರು ಹೇಳುವುದಿಲ್ಲ. ಅನುಭವವನ್ನು ಮಾತ್ರ ಬರೆಯುತ್ತೇನೆ; ಇಂಥದ್ದನ್ನು ಕೊಳ್ಳಲು ಹೊರಟವರು ಏನನ್ನು ಪರೀಕ್ಷಿಸಿ ನೋಡಬೇಕು ಎಂಬುದಕ್ಕೆ ಅಷ್ಟು ಸಾಕು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ತರಗತಿಗಳ ಹೆಸರುಗಳನ್ನು ಬಿಡಿಸಿ ಹೇಳುವುದರಲ್ಲಿ ಈ ಸೇವೆಯನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಫ್ರಾನ್ಸಿನಲ್ಲಿ ತರಗತಿಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತಾರೆ. ಹನ್ನೊಂದರ ವಯಸ್ಸಿನ ಮಗು 'ಕೊಲೇಜ್' ಸೇರುವುದು ಆರನೆಯದಕ್ಕೆ. ಅಲ್ಲಿಂದ ಐದನೆಯದು, ನಾಲ್ಕನೆಯದು, ಮೂರನೆಯದು. ಆಮೇಲೆ 'ಲಿಸೆ'ಯಲ್ಲಿ ಎರಡನೆಯದು, ಒಂದನೆಯದು, ಕೊನೆಗೆ 'ತೆರ್ಮಿನಾಲ್'. ಈ ಕ್ರಮ ಗೊತ್ತಿಲ್ಲದವರು ಆರನೆಯದರಿಂದ ಮೂರನೆಯದಕ್ಕೆ ಬಂದ ಹುಡುಗನ ದಾಖಲೆ ನೋಡಿದರೆ ಅವನನ್ನು ಮೂರು ತರಗತಿ ಹಿಂದಕ್ಕೆ ಹಾಕಿದ್ದಾರೆ ಎಂದೇ ತಿಳಿದುಕೊಳ್ಳುತ್ತಾರೆ. ಸೇವೆ ಇದನ್ನು ಒಂದೇ ಚಿತ್ರದಲ್ಲಿ, ವಯಸ್ಸಿನ ಸಮೇತ ತೋರಿಸುತ್ತದೆ. ಕೊಲೇಜ್ ಎಂದರೆ ಕಾಲೇಜಲ್ಲ ಎಂಬ ಎಚ್ಚರಿಕೆಯೂ ಪಕ್ಕದಲ್ಲೇ ಇದೆ.

ಇಂಥ ಎಚ್ಚರಿಕೆಗಳು ಎಷ್ಟು ಬೇಕೆಂಬುದು ಈ ಮೇಜಿನ ಮುಂದೆ ಕುಳಿತವರಿಗೇ ಗೊತ್ತು. ಜರ್ಮನ್ನಿನ 'ಹೋಖ್‌ಶೂಲೆ', ಸ್ವೀಡನ್ನಿನ 'ಹೋಗ್‌ಸ್ಕೋಲಾ', ನೆದರ್ಲೆಂಡ್ಸಿನ 'ಹೋಗೆಸ್ಕೂಲ್' ಈ ಮೂರನ್ನೂ ಪದಕ್ಕೆ ಪದ ಇಟ್ಟರೆ ಹೈಸ್ಕೂಲ್ ಆಗುತ್ತದೆ. ಮೂರೂ ಉನ್ನತ ಶಿಕ್ಷಣ ಸಂಸ್ಥೆಗಳು. 'ಗಿಮ್ನಾಜಿಯಂ' ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ದಾರಿಗೆ ಒಯ್ಯುವ ಶಾಲೆ. ಇಂಗ್ಲೆಂಡಿನ 'ಪಬ್ಲಿಕ್ ಸ್ಕೂಲ್' ಶುಲ್ಕ ಕಟ್ಟಿ ಓದುವ ಖಾಸಗಿ ಶಾಲೆ, ಅಮೆರಿಕದ 'ಪಬ್ಲಿಕ್ ಸ್ಕೂಲ್' ಸರ್ಕಾರಿ ಶಾಲೆ. ಅಮೆರಿಕದಲ್ಲಿ 'ಸೋಫಮೋರ್' ಎಂದು ಬರೆದಿದ್ದರೆ ಹೈಸ್ಕೂಲಿನ ಎರಡನೆಯ ವರ್ಷವೋ ಕಾಲೇಜಿನ ಎರಡನೆಯ ವರ್ಷವೋ ಎಂದು ಇನ್ನೊಮ್ಮೆ ಕೇಳಲೇಬೇಕು. ಹುಡುಕುವ ಪೆಟ್ಟಿಗೆಯಲ್ಲಿ ಪದವನ್ನು ಟೈಪು ಮಾಡಿದ ಕೂಡಲೇ ಸೇವೆ ಇವೆಲ್ಲವನ್ನೂ ಬೇರೆ ಬೇರೆ ಮಾಡಿ ತೋರಿಸುತ್ತದೆ. ಹೊಸದಾಗಿ ಸೇರಿದ ನಮ್ಮ ಸಹಾಯಕಿ ಮೊದಲ ತಿಂಗಳಲ್ಲೇ ಧೈರ್ಯವಾಗಿ ಕಡತ ಓದಲು ಸಾಧ್ಯವಾದದ್ದು ಇದರಿಂದ.

ಸ್ಕಾಟ್ಲೆಂಡಿನ ಪುಟವನ್ನು ವಿಶೇಷವಾಗಿ ಹೊಗಳಬೇಕು. ಅಲ್ಲಿನ ಪ್ರಾಚೀನ ವಿಶ್ವವಿದ್ಯಾಲಯಗಳಲ್ಲಿ, ಅಂದರೆ 1413ರ ಸೇಂಟ್ ಆಂಡ್ರ್ಯೂಸ್, 1451ರ ಗ್ಲಾಸ್ಗೋ, 1495ರ ಅಬರ್ಡೀನ್ ಹಾಗೂ ಅವುಗಳ ನಂತರ ಬಂದ ಎಡಿನ್‌ಬರೋದಲ್ಲಿ, ಕಲಾ ವಿಷಯಗಳ ಮೊದಲ ಪದವಿಯ ಹೆಸರೇ ಎಂ.ಎ. ಆನರ್ಸ್ ಸಹಿತ ನಾಲ್ಕು ವರ್ಷ. ಹೆಸರು ನೋಡಿ ಸ್ನಾತಕೋತ್ತರ ಎಂದು ಬರೆದುಬಿಟ್ಟರೆ ಅರ್ಜಿದಾರರು ನೇರವಾಗಿ ಸಂಶೋಧನೆಗೆ ಹೋಗಿ ಅಲ್ಲಿ ಸಿಕ್ಕಿಬೀಳುತ್ತಾರೆ. ಆಕ್ಸ್‌ಫರ್ಡಿನ ಎಂ.ಎ. ಇನ್ನೂ ಬೇರೆ ಕಥೆ. ಬಿ.ಎ. ಮಾಡಿದವರು ವಿಶ್ವವಿದ್ಯಾಲಯಕ್ಕೆ ದಾಖಲಾಗಿ ಇಪ್ಪತ್ತೊಂದು ಶೈಕ್ಷಣಿಕ ಅವಧಿಗಳು (ಟರ್ಮ್) ಕಳೆದ ಮೇಲೆ, ಇನ್ನೊಂದು ಪರೀಕ್ಷೆ ಬರೆಯದೆ ಅದನ್ನು ಪಡೆಯಬಹುದು. ಸೇವೆ ಈ ಎರಡನ್ನೂ ದಪ್ಪ ಅಕ್ಷರದಲ್ಲಿ ಗುರುತಿಸಿದೆ. ಅದಕ್ಕೂ ಮುಂದೆ ಹೋಗಿ, ಸ್ಕಾಟ್ಲೆಂಡಿನ ಅರ್ಹತಾ ಚೌಕಟ್ಟಿನಲ್ಲಿ ಆನರ್ಸ್ ಪದವಿ 10ನೆಯ ಹಂತ, ಇಂಗ್ಲೆಂಡಿನಲ್ಲಿ ಅದೇ ಆನರ್ಸ್ 6ನೆಯ ಹಂತ, ಯುನೆಸ್ಕೋದ ವರ್ಗೀಕರಣದಲ್ಲಿಯೂ 6 ಎಂದು ಒಂದೇ ಸಾಲಿನಲ್ಲಿ ಇಟ್ಟಿದೆ. ಹತ್ತು ದೊಡ್ಡದು, ಆರು ಚಿಕ್ಕದು ಎಂದು ಭಾವಿಸಿದ ಸಹೋದ್ಯೋಗಿಯೊಬ್ಬರಿಗೆ ಅರ್ಧ ಗಂಟೆ ವಿವರಿಸುವ ಬದಲು ಈ ಪುಟವನ್ನು ಮುದ್ರಿಸಿ ಕೊಟ್ಟೆ.

ಕಾಲದ ವಿಷಯದಲ್ಲಿಯೂ ಕೆಲಸ ಚೆನ್ನಾಗಿದೆ. ಒಂದೇ ದೇಶದ ಒಂದೇ ಹೆಸರಿನ ಪ್ರಮಾಣಪತ್ರ ಹತ್ತು ವರ್ಷದಲ್ಲಿ ಬೇರೆಯೇ ಆಗಿರಬಹುದು. ಫಿಲಿಪ್ಪೀನ್ಸಿನಲ್ಲಿ ಮೊದಲು ಆರು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಹೈಸ್ಕೂಲು, ಒಟ್ಟು ಹತ್ತೇ ವರ್ಷ. 2013ರ ಕಾನೂನಿನ ನಂತರ ಎರಡು ವರ್ಷ ಸೇರಿದವು. 2016ರಲ್ಲಿ ಹನ್ನೊಂದನೆಯ ತರಗತಿ ಆರಂಭವಾಗಿ, 2018ರಲ್ಲಿ ಹನ್ನೆರಡನೆಯದನ್ನು ಮುಗಿಸಿದ ಮೊದಲ ತಂಡ ಹೊರಬಂತು. ಕೆನಡಾದ ಒಂಟಾರಿಯೋದಲ್ಲಿ ಇದಕ್ಕೆ ಉಲ್ಟಾ: ಹದಿಮೂರನೆಯ ವರ್ಷವನ್ನು ಕೈಬಿಟ್ಟಾಗ 2003ರಲ್ಲಿ ಎರಡು ತಂಡಗಳು ಒಟ್ಟಿಗೆ ಶಾಲೆ ಮುಗಿಸಿದವು. ಉತ್ತೀರ್ಣರಾದ ವರ್ಷವನ್ನು ಕೇಳದ ಹೋಲಿಕೆ ಪಟ್ಟಿ ಯಾವ ಕೆಲಸಕ್ಕೂ ಬಾರದು. ಈ ಸೇವೆ ಅದನ್ನು ಕೇಳುತ್ತದೆ.

ಇಷ್ಟೆಲ್ಲ ತಿಳಿದವರು ಮುಖ್ಯ ಕೋಷ್ಟಕವನ್ನು ಹೀಗೇಕೆ ಕಟ್ಟಿದರು ಎಂಬುದು ನನ್ನ ದುಃಖ.

ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಒಂದು ಹಸಿರು ಪಟ್ಟಿ: 'ಶಾಲಾ ಶಿಕ್ಷಣ, ಒಟ್ಟು ವರ್ಷಗಳು'. ಹನ್ನೆರಡಾಗಿದ್ದರೆ ಹಸಿರು, ಕಡಿಮೆಯಾದರೆ ಕೆಂಪು. ಕಳೆದ ಪ್ರವೇಶದ ಸಮಯದಲ್ಲಿ ಕೆನಡಾದ ಕ್ವಿಬೆಕ್‌ನಿಂದ ಬಂದ ಹುಡುಗಿಯೊಬ್ಬಳ ಅರ್ಜಿ ಇತ್ತು. ಅಲ್ಲಿ ಆರು ವರ್ಷ ಪ್ರಾಥಮಿಕ, ಐದು ವರ್ಷ ಪ್ರೌಢ. ಹನ್ನೊಂದಕ್ಕೆ ಶಾಲೆ ಮುಗಿಯುತ್ತದೆ. ಆಮೇಲೆ 1967ರಲ್ಲಿ ಆರಂಭವಾದ 'ಸೆಜೆಪ್' ಎಂಬ ಸಂಸ್ಥೆಗಳಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ತಾಂತ್ರಿಕ ವಿಭಾಗವಾದರೆ ಮೂರು ವರ್ಷ. ಸೆಜೆಪ್ ಮುಗಿಸಿದವರಿಗೆ ಅಲ್ಲಿನ ಪದವಿ ಸಾಮಾನ್ಯವಾಗಿ ಮೂರು ವರ್ಷದ್ದು. ಈ ಹುಡುಗಿ ಸೆಜೆಪ್ ಮುಗಿಸಿದ್ದಳು. ಹನ್ನೊಂದು ಮತ್ತು ಎರಡು, ಒಟ್ಟು ಹದಿಮೂರು ವರ್ಷದ ಓದು. ಆದರೆ ಸೆಜೆಪ್ ಡಿಪ್ಲೊಮಾದ ಹೆಸರಿನಲ್ಲಿ ಕಾಲೇಜು ಎಂಬ ಪದವಿದೆ. ಕೋಷ್ಟಕ ಅದನ್ನು ಶಾಲೆಯ ಸಾಲಿನಿಂದ ತೆಗೆದು ಉನ್ನತ ಶಿಕ್ಷಣದ ಸಾಲಿಗೆ ಹಾಕಿತ್ತು. ಪರಿಣಾಮ, ಶಾಲೆಯ ಸಾಲಿನಲ್ಲಿ ಹನ್ನೊಂದು, ಕೆಂಪು ಗುರುತು, 'ಪ್ರಥಮ ವರ್ಷಕ್ಕೆ ಅರ್ಹತೆ ಇಲ್ಲ'.

ಅರ್ಜಿಗಳ ರಾಶಿಯಲ್ಲಿ ಇದ್ದ ಸಹಾಯಕಿ ಕೆಂಪು ನೋಡಿ ಅದನ್ನು ಬದಿಗಿಟ್ಟಳು. ತಿರಸ್ಕೃತ ಅರ್ಜಿಗಳನ್ನು ಇನ್ನೊಮ್ಮೆ ನೋಡುವುದು ನನ್ನ ಅಭ್ಯಾಸವಾದ್ದರಿಂದ ಐದನೆಯ ದಿನ ಅದು ನನ್ನ ಕೈಗೆ ಬಂತು. ಆ ಅಭ್ಯಾಸ ಇಲ್ಲದ ಕಚೇರಿಯಲ್ಲಿ ಆ ಹುಡುಗಿಗೆ ಒಂದು ವಿಷಾದದ ಪತ್ರ ಹೋಗಿರುತ್ತಿತ್ತು. ಅವಳಿಗೆ ಫೋನು ಮಾಡಿ ಇನ್ನೂ ಒಂದು ದಾಖಲೆ ಬೇಕು ಎಂದಾಗ ಅವಳು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲೇ ಉಳಿದಿದೆ: "ನಮ್ಮೂರಿನ ವಿಶ್ವವಿದ್ಯಾಲಯಕ್ಕೆ ನಾನು ಸೇರಬಹುದಿತ್ತಲ್ಲ, ಅಷ್ಟು ಸಾಲದೇ?"

ಸಾಕು. ಅಷ್ಟೇ ಸಾಕಾಗಬೇಕು. ಒಂದು ಪ್ರಮಾಣಪತ್ರ ಅದರ ಸ್ವಂತ ದೇಶದಲ್ಲಿ ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದೇ ಮೊದಲ ಪ್ರಶ್ನೆ. ವರ್ಷಗಳ ಲೆಕ್ಕ ಅದರ ಹಿಂದೆ ಬರಬೇಕಾದದ್ದು. ಜರ್ಮನಿಯನ್ನೇ ನೋಡಿ. ಹೆಚ್ಚಿನ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕು ವರ್ಷ, ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ಗಳಲ್ಲಿ ಆರು. ಶಾಲೆಯ ಕೊನೆಯ 'ಆಬಿಟೂರ್' ಪರೀಕ್ಷೆ ಕೆಲವರಿಗೆ ಹನ್ನೆರಡು ವರ್ಷಕ್ಕೆ, ಕೆಲವರಿಗೆ ಹದಿಮೂರು ವರ್ಷಕ್ಕೆ. ಅವಧಿಯನ್ನು ಒಮ್ಮೆ ಇಳಿಸಿ ಮತ್ತೆ ಏರಿಸಿದ ರಾಜ್ಯಗಳೂ ಇವೆ. ಆದರೆ ಆಬಿಟೂರ್ ಪಡೆದವರೆಲ್ಲರಿಗೂ ತೆರೆಯುವುದು ವಿಶ್ವವಿದ್ಯಾಲಯದ ಅದೇ ಬಾಗಿಲು. ನೆದರ್ಲೆಂಡ್ಸಿನಲ್ಲಿ ಇದು ಇನ್ನೂ ಸ್ಪಷ್ಟ. ಪ್ರಾಥಮಿಕದ ನಂತರ ನಾಲ್ಕು ವರ್ಷದ 'ವಿಎಂಬಿಒ', ಐದು ವರ್ಷದ 'ಹಾವೊ', ಆರು ವರ್ಷದ 'ವಿಡಬ್ಲ್ಯುಒ' ಎಂಬ ಮೂರು ದಾರಿಗಳಿವೆ. ಹಾವೊ ಮುಗಿಸಿದವರು ವೃತ್ತಿಪರ ಪದವಿಯ ಹೋಗೆಸ್ಕೂಲ್‌ಗೆ ಹೋಗಬಹುದು. ಸಂಶೋಧನಾ ವಿಶ್ವವಿದ್ಯಾಲಯಕ್ಕೆ ನೇರವಾಗಿ ಹೋಗಲು ವಿಡಬ್ಲ್ಯುಒ ಬೇಕು. ವರ್ಷ ಎಣಿಸುವ ಹಸಿರು ಪಟ್ಟಿಯಲ್ಲಿ ಎರಡೂ ಹಸಿರೇ. ಅಂದರೆ ಈ ಕೋಷ್ಟಕ ಅರ್ಹಳಾದ ಹುಡುಗಿಯನ್ನು ಹೊರಗಿಡುತ್ತದೆ, ಬೇರೆ ಬಾಗಿಲಿನವರನ್ನು ಇಲ್ಲಿ ಒಳಗೆ ಬಿಡುತ್ತದೆ.

ಈ 'ಬಾಗಿಲು' ಎಂಬ ಮಾಹಿತಿ ಸೇವೆಯಲ್ಲಿ ಇಲ್ಲವೆಂದಲ್ಲ. ಪ್ರತಿ ದೇಶದ ಪುಟದಲ್ಲಿಯೂ ಇದೆ, ಕರಾರುವಾಕ್ಕಾಗಿಯೇ ಇದೆ. ಮೂರು ಬಾರಿ ಒತ್ತಿ, ನಾಲ್ಕನೆಯ ಉಪಶೀರ್ಷಿಕೆಯ ಅಡಿಯಲ್ಲಿ. ಅತಿ ಮುಖ್ಯವಾದದ್ದನ್ನು ಅತಿ ಒಳಗೆ ಹುಗಿದಿಟ್ಟಿದ್ದಾರೆ.

ವಿದೇಶಿ ಅರ್ಹತೆಗಳ ಮಾನ್ಯತೆಯ ಬಗ್ಗೆ 1997ರಲ್ಲಿ ಲಿಸ್ಬನ್‌ನಲ್ಲಿ ಒಂದು ಒಪ್ಪಂದ ಆಯಿತು. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತೊಂದಿದೆ: ಅರ್ಜಿದಾರರು ಅರ್ಹರಲ್ಲ ಎನ್ನುವುದಾದರೆ ಅದನ್ನು ತೋರಿಸಿಕೊಡುವ ಹೊಣೆ ಮೌಲ್ಯಮಾಪನ ಮಾಡುವವರದು. ಕೆಂಪು ಗುರುತು ಈ ಹೊಣೆಯನ್ನು ತಲೆಕೆಳಗು ಮಾಡುತ್ತದೆ. ಅದು ಕಾರಣ ಹೇಳುವುದಿಲ್ಲ, ನೋಡಿದವರೂ ಕಾರಣ ಕೇಳುವುದಿಲ್ಲ.

ಅಂಕಗಳನ್ನು ಪರಿವರ್ತಿಸುವ ಸಾಧನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ: ಚೆನ್ನಾಗಿದೆ, ಆದರೆ ದೇಶವನ್ನು ಸರಿಯಾಗಿ ಆರಿಸಿ. ಜರ್ಮನಿಯಲ್ಲಿ 1 ಅತ್ಯುತ್ತಮ ಅಂಕ, ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ 6 ಅತ್ಯುತ್ತಮ, 1 ಅತಿ ಕೆಳಗಿನದು. ಭಾಷೆ ಜರ್ಮನ್ ಎಂದು ಮಾತ್ರ ನೋಡಿ ಆರಿಸಿದರೆ ಒಳ್ಳೆಯ ವಿದ್ಯಾರ್ಥಿ ನೆಲ ಕಚ್ಚುತ್ತಾನೆ. ಬೇರೆ ದೇಶದ ಅಂಕಗಳನ್ನು ಜರ್ಮನಿಯ ಅಳತೆಗೆ ತರುವ ಬವೇರಿಯಾದ ಪರಿಷ್ಕೃತ ಸೂತ್ರವನ್ನು ಅವರು ಸರಿಯಾಗಿ ಅಳವಡಿಸಿದ್ದಾರೆ. ಗರಿಷ್ಠ 100, ಉತ್ತೀರ್ಣಕ್ಕೆ 40 ಇರುವಲ್ಲಿ 70 ಅಂಕ ಪಡೆದವರಿಗೆ 2.5 ಬರಬೇಕು, ನಾನು ಕೈಯಲ್ಲಿ ಲೆಕ್ಕ ಹಾಕಿಯೂ ನೋಡಿದೆ, ಬರುತ್ತದೆ. ಶೈಕ್ಷಣಿಕ ವರ್ಷದ ಪಟ್ಟಿಯೂ ಉಪಯುಕ್ತ. ಜಪಾನಿನಲ್ಲಿ ಏಪ್ರಿಲ್, ದಕ್ಷಿಣ ಕೊರಿಯಾದಲ್ಲಿ ಮಾರ್ಚ್, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆಗೆ ಶಾಲೆ ಆರಂಭ ಎಂದು ಗೊತ್ತಿದ್ದರೆ 'ಆರು ತಿಂಗಳು ಏನು ಮಾಡುತ್ತಿದ್ದಿರಿ' ಎಂಬ ನೋಯಿಸುವ ಪ್ರಶ್ನೆಯನ್ನು ಯಾರಿಗೂ ಕೇಳಬೇಕಾಗಿಲ್ಲ.

ಗ್ರಾಹಕ ಸೇವೆಗೆ ಕ್ವಿಬೆಕ್ ವಿಷಯ ಬರೆದೆ. ಮೊದಲ ಉತ್ತರ ಸಿದ್ಧ ಉತ್ತರ. ಎರಡನೆಯ ಪತ್ರಕ್ಕೆ ಒಬ್ಬ ತಜ್ಞೆ ಸ್ವತಃ ಬರೆದರು, ತಪ್ಪನ್ನು ಒಪ್ಪಿಕೊಂಡರು, ಮೂರು ವಾರದಲ್ಲಿ ಸಾಲು ಬದಲಾಯಿತು. ಈಗ ಸೆಜೆಪ್ ಶಾಲೆ ಮತ್ತು ವಿಶ್ವವಿದ್ಯಾಲಯದ ನಡುವಿನ ತನ್ನದೇ ಹಂತದಲ್ಲಿ ನಿಂತಿದೆ. ಆ ತಜ್ಞೆಗೆ ನನ್ನ ಕೃತಜ್ಞತೆ. ಹಾವೊ ವಿಷಯವನ್ನೂ ಬರೆದಿದ್ದೇನೆ. ನಾನು ಇದನ್ನು ಬರೆಯುವ ಹೊತ್ತಿಗೆ ಹಸಿರು ಹಾಗೆಯೇ ಇದೆ.

ಐದರಲ್ಲಿ ಮೂರು ಕೊಡುತ್ತೇನೆ. ದೇಶಗಳ ವಿವರ ಪುಟಗಳಿಗೆ ಮಾತ್ರವಾಗಿದ್ದರೆ ಐದನ್ನೂ ಕೊಡುತ್ತಿದ್ದೆ. ತಿಂಗಳಿಗೆ ನಾಲ್ಕೈದು ಅರ್ಜಿ ನೋಡುವ ಕಚೇರಿಗೆ ಚಂದಾ ಬೇಕಿಲ್ಲ: ಜರ್ಮನಿಯ ವಿದೇಶಿ ಶಿಕ್ಷಣ ಕೇಂದ್ರ ಕಚೇರಿಯ 'ಅನಾಬಿನ್' ದತ್ತಾಂಶ ಉಚಿತ, ಸಂಸ್ಥೆಗಳ ಮಾನ್ಯತೆಯನ್ನೂ ಪದವಿಗಳ ಹಂತವನ್ನೂ ಹೇಳುತ್ತದೆ, ಜರ್ಮನ್ ಓದಬಲ್ಲವರು ಒಬ್ಬರು ಇರಬೇಕು, ಅಷ್ಟೇ. ನೂರಾರು ಅರ್ಜಿ ಬರುವ ಕಚೇರಿಯವರು ಇಂಥ ಸೇವೆಯನ್ನು ಕೊಳ್ಳಬಹುದು. ಕೊಳ್ಳುವ ಮೊದಲು ಪ್ರಾಯೋಗಿಕ ಖಾತೆ ಕೇಳಿ, ಕ್ವಿಬೆಕ್‌ನ ಸೆಜೆಪ್, ಸ್ಕಾಟ್ಲೆಂಡಿನ ಎಂ.ಎ., ನೆದರ್ಲೆಂಡ್ಸಿನ ಹಾವೊ, 2010ರ ಫಿಲಿಪ್ಪೀನ್ಸ್ ಹೈಸ್ಕೂಲು ಈ ನಾಲ್ಕನ್ನು ಹಾಕಿ ನೋಡಿ. ನಾವು ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇವೆ. ಕೆಂಪು ಬಿದ್ದ ಪ್ರತಿ ಅರ್ಜಿಯನ್ನೂ ಇಬ್ಬರು ಓದಿದ ಮೇಲೆಯೇ ಪತ್ರ ಕಳಿಸಬೇಕು ಎಂದು ವಿಭಾಗದಲ್ಲಿ ಬರೆದಿಟ್ಟಿದ್ದೇವೆ. ಆ ಹುಡುಗಿ ಈಗ ಎರಡನೆಯ ಸೆಮಿಸ್ಟರ್‌ನಲ್ಲಿದ್ದಾಳೆ.