ಮೈಕ್ರೋಟಿಕ್ ಸಿಆರ್‌ಎಸ್326: ಎರಡು ಲೈನ್ ಇದ್ದವರಿಗೆ ಸಾಕೇ?

ದಾವಣಗೆರೆಯಲ್ಲಿ ಎರಡು ಕಂಪನಿಯ ಲೈನ್ ಎಳೆಸಿಕೊಂಡ ಇಂಟರ್ನೆಟ್ ಆಪರೇಟರಿಗೋ ಕಾಲೇಜಿಗೋ 24 ಗಿಗಾಬಿಟ್ ಪೋರ್ಟು, 2 ಎಸ್‌ಎಫ್‌ಪಿ ಪ್ಲಸ್ (10 ಗಿಗಾಬಿಟ್ ಪೋರ್ಟು) ಇರುವ ಈ ಸ್ವಿಚ್ಚು ಸಾಕು. ಒಂದು ಲೈನ್ ಬಿದ್ದರೆ ಇನ್ನೊಂದಕ್ಕೆ ತಾನಾಗಿ ಹೊರಳಲು ಇದರಲ್ಲಿ ಬಿಜಿಪಿ (ನೆಟ್‌ವರ್ಕುಗಳು ತಮ್ಮ ದಾರಿಗಳನ್ನು ಒಂದಕ್ಕೊಂದು ತಿಳಿಸುವ ಪದ್ಧತಿ) ಓಡಿಸಬೇಕು. ಆದರೆ ಎರಡೂ ಕಡೆಯಿಂದ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಕಳಿಸುವ ದಾರಿ) ಮಾತ್ರ ತಗೊಳ್ಳಬೇಕು. 512 ಎಂಬಿ ರ‍್ಯಾಮಿಗೆ, 800 ಮೆಗಾಹರ್ಟ್ಸ್‌ನ ಒಂಟಿ ಕೋರಿಗೆ ಸುಮಾರು 10 ಲಕ್ಷ ರೂಟಿನ ಫುಲ್ ಟೇಬಲ್ (ಇಡೀ ಇಂಟರ್ನೆಟ್ಟಿನ ದಾರಿಪಟ್ಟಿ) ಹೊರಿಸಿದರೆ ಏದುಸಿರು ಬಿಡುತ್ತದೆ. ನ್ಯಾಟ್ (ಹಲವು ಖಾಸಗಿ ಐಪಿಗಳು ಒಂದೇ ಸಾರ್ವಜನಿಕ ಐಪಿಯಿಂದ ಹೊರಹೋಗುವಂತೆ ಮಾಡುವುದು) ಬೇರೆ ಪೆಟ್ಟಿಗೆಯಲ್ಲಿ ಇರಲಿ. ಇಲ್ಲಿ ಅದೆಲ್ಲ ಸಿಪಿಯು ಮೇಲೇ ಬೀಳುತ್ತದೆ. ಎಲ್3 ಹಾರ್ಡ್‌ವೇರ್ ಆಫ್‌ಲೋಡನ್ನು (ರೂಟಿಂಗನ್ನು ಸಿಪಿಯು ಬದಲು ಸ್ವಿಚ್ ಚಿಪ್ಪೇ ಮಾಡುವುದು) ನೀವೇ ಆನ್ ಮಾಡಬೇಕು, ತಾನಾಗಿ ಆನ್ ಇರುವುದಿಲ್ಲ.

ಬೇರೆ ಕಂಪನಿಯವರು ಪಿಯರ್ ಗ್ರೂಪ್ (ಹಲವು ಬಿಜಿಪಿ ಕನೆಕ್ಷನ್ನಿಗೆ ಒಂದೇ ಆದ ಸೆಟ್ಟಿಂಗಿನ ಕಟ್ಟು) ಅನ್ನುವುದಕ್ಕೆ ಮೈಕ್ರೋಟಿಕ್ಕಿನ ಸಾಫ್ಟ್‌ವೇರ್ ಆದ ರೂಟರ್‌ಓಎಸ್ 7ರಲ್ಲಿ ಟೆಂಪ್ಲೇಟ್ ಎಂದು ಹೆಸರು. ಹೋಲ್ಡ್ ಟೈಮ್ (ಎದುರಿನವರ ಸದ್ದಿಲ್ಲದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದು), ಬಿಎಫ್‌ಡಿ (ಲೈನ್ ಸತ್ತದ್ದನ್ನು ಬೇಗ ಪತ್ತೆಹಚ್ಚುವ ವ್ಯವಸ್ಥೆ), ಹೊರಗೆ ಸಾರುವ ಪ್ರಿಫಿಕ್ಸಿನ (ಐಪಿ ಗುಂಪಿನ) ಪಟ್ಟಿ ಟೆಂಪ್ಲೇಟಿಗೆ. ಎದುರಿನವರ ಐಪಿ, ಎಎಸ್ ನಂಬರು (ಬಿಜಿಪಿಯಲ್ಲಿ ಒಂದು ನೆಟ್‌ವರ್ಕಿನ ಗುರುತಿನ ಸಂಖ್ಯೆ), ಫಿಲ್ಟರು ಆಯಾ ಕನೆಕ್ಷನ್ನಿಗೆ. ಮೂರನೇ ಲೈನ್ ಬಂದಾಗ ಬರೆಯುವುದು ನಾಲ್ಕೇ ಸಾಲು. ಇದು ನಿಜಕ್ಕೂ ಅಚ್ಚುಕಟ್ಟು.

ಎಡವುವ ಜಾಗ ಎರಡು. ಫಿಲ್ಟರ್ ಚೈನ್ (ಯಾವ ರೂಟ್ ಒಪ್ಪಬೇಕು ಎಂಬ ನಿಯಮಗಳ ಸಾಲು) ಹಾಕಿ ಕೊನೆಗೆ ಆಕ್ಸೆಪ್ಟ್ ಬರೆಯದಿದ್ದರೆ ಉಳಿದದ್ದೆಲ್ಲ ರಿಜೆಕ್ಟ್. ಸೆಷನ್ ಎದ್ದಿರುತ್ತದೆ, ರೂಟ್ ಮಾತ್ರ ಕಾಣುವುದಿಲ್ಲ. ನಿಮ್ಮ /24 (256 ಐಪಿಗಳ ಗುಂಪು) ಅಡ್ರೆಸ್ ಲಿಸ್ಟಿನಲ್ಲಿದ್ದರೆ ಸಾಲದು, ರೂಟಿಂಗ್ ಟೇಬಲ್ಲಿನಲ್ಲೂ ಇರಬೇಕು. ಒಂದು ಬ್ಲ್ಯಾಕ್‌ಹೋಲ್ ರೂಟ್ (ಬಂದ ಪ್ಯಾಕೆಟನ್ನು ಬಿಸಾಡುವ ರೂಟ್) ಹಾಕಿದರೆ ಮುಗಿಯಿತು. ಮುಖ್ಯ ಲೈನಿಗೆ ಲೋಕಲ್ ಪ್ರಿಫರೆನ್ಸ್ (ಹೆಚ್ಚಿದ್ದ ದಾರಿಗೇ ಆದ್ಯತೆ) 200, ಬ್ಯಾಕಪ್ಪಿಗೆ 100. ಅದು ಹೊರಹೋಗುವ ಟ್ರಾಫಿಕ್ಕಿಗೆ ಮಾತ್ರ. ಒಳಬರುವುದನ್ನು ತಿರುಗಿಸಲು ಬ್ಯಾಕಪ್ ಕಡೆ ನಿಮ್ಮ ಎಎಸ್ ನಂಬರನ್ನು ಮೂರು ಸಲ ಪ್ರಿಪೆಂಡ್ ಮಾಡಿ, ಅಂದರೆ ಮುಂದೆ ಸೇರಿಸಿ ಆ ದಾರಿ ಉದ್ದ ಕಾಣುವಂತೆ ಮಾಡಿ.

ಫೇಲ್‌ಓವರ್ ತಡವಾಗುವುದಕ್ಕೆ ಎಷ್ಟೋ ಸಲ ಕಾರಣ ಸ್ವಿಚ್ಚಲ್ಲ, ನಡುವಿನ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಪೆಟ್ಟಿಗೆ). ಅದರಾಚೆ ಫೈಬರ್ ಕಡಿದರೂ ಇತ್ತ ಪೋರ್ಟಿನ ದೀಪ ಉರಿಯುತ್ತಲೇ ಇರುತ್ತದೆ, ಬಿಜಿಪಿ ತನ್ನ 180 ಸೆಕೆಂಡಿನ ಹೋಲ್ಡ್ ಟೈಮ್ ಮುಗಿಯುವವರೆಗೆ ಸುಮ್ಮನೆ ಕಾಯುತ್ತದೆ. ಅಲ್ಲಿಗೆ ಮೂರು ನಿಮಿಷ ನೆಟ್ ಇಲ್ಲ, ಫೋನ್ ಮೇಲೆ ಫೋನ್. ಬಿಎಫ್‌ಡಿಯನ್ನು 300 ಮಿಲಿಸೆಕೆಂಡ್, 3 ಸಲ ಎಂದು ಇಟ್ಟರೆ ಒಂದು ಸೆಕೆಂಡಿನೊಳಗೆ ಪತ್ತೆಯಾಗುತ್ತದೆ. ಎದುರಿನವರು ಬಿಎಫ್‌ಡಿ ಕೊಡುವುದಿಲ್ಲ ಅಂದರೆ ಕೀಪ್‌ಅಲೈವ್ (ಇದ್ದೇನೆ ಎಂದು ಆಗಾಗ ಕಳಿಸುವ ಸಂದೇಶ) 10 ಸೆಕೆಂಡ್, ಹೋಲ್ಡ್ 30 ಸೆಕೆಂಡ್ ಮಾಡಿ. ಎರಡೂ ಕಡೆಯವರು ಹೇಳಿದ್ದರಲ್ಲಿ ಕಡಿಮೆಯದೇ ಜಾರಿಗೆ ಬರುವುದರಿಂದ ಅವರ ಒಪ್ಪಿಗೆಗೆ ಕಾಯಬೇಕಿಲ್ಲ.

ಇನ್ನು ಫೈಬರ್ ದಾರಿ. ಎರಡೂ ಲೈನ್ ಹೆದ್ದಾರಿ ಪಕ್ಕದ ಒಂದೇ ಗುಂಡಿಯಲ್ಲಿ ಬಂದಿದ್ದರೆ ಜೆಸಿಬಿ ಎರಡನ್ನೂ ಒಟ್ಟಿಗೇ ಎತ್ತುತ್ತದೆ, ಆಗ ಯಾವ ಸ್ವಿಚ್ಚೂ ಕೈಲಾಗದ್ದು. ಒಂದು ಚಿತ್ರದುರ್ಗದ ಕಡೆಯಿಂದ, ಇನ್ನೊಂದು ಹರಿಹರದ ಕಡೆಯಿಂದ ಬರುವಂತೆ ಮೊದಲೇ ಕೇಳಿ ಬರೆಸಿಕೊಳ್ಳಿ. ಪರೀಕ್ಷೆ ಮಾಡುವಾಗ ಪೋರ್ಟ್ ಡಿಸೇಬಲ್ ಮಾಡಿ ನೋಡಿದರೆ ಯಾವಾಗಲೂ ಪಾಸಾಗುತ್ತದೆ. ಕನ್ವರ್ಟರಿನ ಆಚೆ ಬದಿಯ ಪ್ಯಾಚ್ ಕಾರ್ಡ್ (ಫೈಬರಿನ ಗಿಡ್ಡ ಕೇಬಲ್) ಕಿತ್ತು ನೋಡಿ.